ದೊಡ್ಡ ಪಿಟೀಲಿಗೆ ಮೂರು ಪ್ರಿಆಂಪ್

ಹುಳಿಯಾರಿನಲ್ಲಿ ಹೊಸದಾಗಿ ಸೌಂಡ್ ಅಂಗಡಿ ತೆರೆದಿರುವ ಒಬ್ಬ ಹೆಣ್ಣುಮಗಳು ಕಳೆದ ತಿಂಗಳು ಫೋನ್ ಮಾಡಿ, "ಸಾರ್, ತಂತಿ ವಾದ್ಯಕ್ಕೆ ಪಿಕಪ್ ಅಂಟಿಸ್ಕಂಡು ಬರೋರು ಜಾಸ್ತಿ ಆಗವ್ರೆ. ಯಾವ ಪ್ರಿಆಂಪ್ ತಗಳ್ಳಿ?" ಎಂದು ಕೇಳಿದಳು. ಒಂದು ಹೆಸರು ಹೇಳಿದ್ದರೆ ಮಾತು ಮುಗಿಯುತ್ತಿತ್ತು. ನನಗೆ ಹೇಳಲಾಗಲಿಲ್ಲ. ತಿಪಟೂರಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮೈಕು, ಆಂಪ್ಲಿಫೈಯರುಗಳ ನಡುವೆ ಕಳೆದವನಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಅವಳಿಗೆ ಅನ್ನಿಸಿರಬೇಕು. ಗೊತ್ತಿದೆ. ಆದರೆ ಗೊತ್ತಿರುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಆಮೇಲೆ ಹೇಳಿ ಹೇಳಿ ಗಟ್ಟಿ ಮಾಡಿಕೊಂಡದ್ದು ಎಂಬುದು ಈಗ ಬೇರ್ಪಡಿಸಲು ಬರುತ್ತಿಲ್ಲ. ಬರೆದು ಕಳಿಸುತ್ತೇನೆ ಎಂದೆ. ಬರೆಯುವಾಗ ಹಳೆಯ ನೋಟ್‌ಬುಕ್ಕುಗಳನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಅವು ನನ್ನ ನೆನಪಿನ ಜೊತೆ ಹಲವು ಕಡೆ ಜಗಳವಾಡುತ್ತವೆ. ಎಲ್ಲಿ ಜಗಳವಿದೆಯೋ ಅಲ್ಲಿ ಹೇಳುತ್ತೇನೆ.

ಮೊದಲು ಪ್ರಿಆಂಪ್ ಎಂದರೇನು ಎಂಬುದು. ವಾದ್ಯಕ್ಕೆ ಅಂಟಿಸಿ ಅದರ ಅದುರನ್ನು ವಿದ್ಯುತ್ತಾಗಿ ಮಾಡುವ ಪಿಕಪ್ಪಿನಿಂದ ಬರುವ ವಿದ್ಯುತ್ತು ತೀರ ಸಣ್ಣದು, ನಿಶ್ಶಕ್ತವಾದದ್ದು. ದೊಡ್ಡ ಆಂಪ್ಲಿಫೈಯರಿನ ಹತ್ತಿರ ಹೋಗುವ ಮೊದಲೇ ಅದನ್ನು ಸರಿಯಾದ ಮಟ್ಟಕ್ಕೆ ಎತ್ತಿಕೊಡಲು ಒಂದು ಚಿಕ್ಕ ಪೆಟ್ಟಿಗೆ ಬೇಕು. ಅಂಗೈಯಗಲದ್ದು. ಕಾರ್ಯಕ್ರಮಕ್ಕೆ ಬಂದವರು ಯಾರೂ ಅದನ್ನು ನೋಡುವುದಿಲ್ಲ. ಅದು ತಪ್ಪಾದರೆ ಮುಂದಿನ ಯಾವ ಯಂತ್ರವೂ ಸರಿಪಡಿಸಲಾರದು.

ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಮಾಡಿ, ಕಾಲೇಜಿನ ಕೆಲಸ ಸಿಗುವವರೆಗೆ ಇರಲಿ ಎಂದು ನಂಜಪ್ಪನವರ ಮೈಕ್‌ಸೆಟ್ ಅಂಗಡಿಗೆ ಸೇರಿದವನು. ಕಾಲೇಜಿನ ಕೆಲಸ ಸಿಗಲಿಲ್ಲ. ಕೆಲವು ವರ್ಷಗಳ ನಂತರ ಹುಡುಕುವುದನ್ನೂ ಬಿಟ್ಟೆ. ನಂಜಪ್ಪನವರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಕೊನೆಯವರೆಗೂ ಎಂಎಸ್ಸಿ ಎಂದೇ ಕರೆದರು.

ಅವರ ಕೆಲಸದ ರೀತಿ ಹೀಗಿತ್ತು. ಹಾರ್ನುಗಳನ್ನು ಮರಕ್ಕೆ ಕಟ್ಟಿಸಿ, ಒಂದು ಭಕ್ತಿಗೀತೆ ಹಾಕಿಸಿ, ಸ್ಕೂಟರ್ ಹತ್ತಿ ಹೊರಡುತ್ತಿದ್ದರು. ಮೂರನೆಯ ತೋಟದ ಬದುವಿನ ಮೇಲೆ ನಿಂತು ಕೇಳಿ ಹಿಂತಿರುಗಿ ಬಂದು ತೀರ್ಪು ಕೊಡುತ್ತಿದ್ದರು. ಮಾತು ಅಲ್ಲಿಗೆ ತಿಳಿಯಾಗಿ ಮುಟ್ಟಿದರೆ ಪಾಸು. ಮೀಟರು, ಡೆಸಿಬೆಲ್ಲು ಎಂದರೆ ನಗುತ್ತಿದ್ದರು. ಸೇರಿದ ಹೊಸತರಲ್ಲಿ ಕೆಂಕೆರೆಯ ಒಂದು ಹರಿಕಥೆಗೆ ನನ್ನನ್ನು ಒಬ್ಬನನ್ನೇ ಕಳಿಸಿದರು. ನಾನು ಶಾಮಿಯಾನದ ಕೆಳಗೆ ಕೂತವರಿಗೆ ಹಿತವಾಗಲೆಂದು ದನಿಯನ್ನು ಮೆತ್ತಗೆ, ತುಂಬಿಕೊಂಡ ಹಾಗೆ ಹೊಂದಿಸಿದೆ. ಮುಂದೆ ಕೂತವರು ತಲೆದೂಗಿದರು. ಮರುದಿನ ಬೆಳಿಗ್ಗೆ ಊರಿನ ಮೂವರು ಅಂಗಡಿಗೆ ಬಂದು, ತೋಟದ ಮನೆಗಳಿಗೆ ಒಂದಕ್ಷರವೂ ಕೇಳಲಿಲ್ಲವೆಂದು ಜಗಳ ತೆಗೆದರು.

ಅವರು ಹೋದ ಮೇಲೆ ನಂಜಪ್ಪನವರು ಕೇಳಿದರು: "ಏನ್ ಎಂಎಸ್ಸಿ, ಮುಂದೆ ಕೂತೋನಿಗೆ ಕೇಳ್ಸಕ್ಕೆ ಮೈಕ್ ಯಾಕಯ್ಯ ಬೇಕು? ಹೋಗಿ ಅವ್ನ ಕಿವೀಲೇ ಹೇಳ್ಬೋದಾಗಿತ್ತಲ್ಲ."

"ಅಲ್ಲಾ ಸಾರ್, ದನಿ ಚೆನ್ನಾಗಿರ್ಲಿ ಅಂತ..."

"ಚೆನ್ನಾಗಿರೋದು ನಿನ್ನ ಕಾಲೇಜ್ನಾಗೆ. ಇಲ್ಲಿ ಮುಟ್ಬೇಕು ಕಣಯ್ಯ."

ಆ ಕಾಲಕ್ಕೆ ಅವರ ಮಾತು ಸರಿ. ತೆಂಗಿನ ತೋಟದೊಳಗೆ ದೂರ ಮುಟ್ಟಬೇಕಾದರೆ ದನಿ ಚೂಪಾಗಿರಬೇಕು. ಹಾರ್ನಿಗೆ ಹೇಗೂ ಕೆಳಗಿನ ಸ್ವರ ನುಡಿಯಲು ಬರುವುದಿಲ್ಲ. ಆದ್ದರಿಂದ ಮಂದ್ರ ಎಂದರೆ ಕಸ, ಸೋಸಿ ಎಸೆಯಬೇಕಾದದ್ದು ಎಂದು ಕಲಿತೆ. ಇಪ್ಪತ್ತು ವರ್ಷ ಕೈಗೆ ಅದೇ ಅಭ್ಯಾಸವಾಯಿತು. ಆಮೇಲೆ ಹಾರ್ನು ಹೋಗಿ ಪೆಟ್ಟಿಗೆ ಸ್ಪೀಕರುಗಳು ಬಂದವು, ಸಮುದಾಯ ಭವನಗಳು ಬಂದವು, ಮಿಕ್ಸರಿನಲ್ಲಿ ಪರದೆ ಬಂತು. ಯಂತ್ರ ಬದಲಾಯಿಸಲು ಒಂದು ದಿನ ಸಾಕು. ಕಿವಿ ಬದಲಾಗಲು ಎಷ್ಟು ದಿನ ಬೇಕು ಎಂಬುದು ಮಹಲಿಂಗಣ್ಣ ಬರುವವರೆಗೆ ನನಗೆ ತಿಳಿದಿರಲಿಲ್ಲ.

ಅವರು ಬಂದದ್ದು ನಾನು ಕೆಲಸ ಬಿಡುವುದಕ್ಕೆ ಮೂರು ವರ್ಷ ಮೊದಲು ಎಂದು ನನ್ನ ನೆನಪು. ನೋಟ್‌ಬುಕ್ಕಿನ ಪ್ರಕಾರ ಐದು. ಒಂದು ಗೂಡ್ಸ್ ಆಟೊ ಅಂಗಡಿ ಮುಂದೆ ನಿಂತಿತು. ಹಿಂದೆ ಆಳುದ್ದದ ಏನನ್ನೋ ಮಲಗಿಸಿ, ಕಂಬಳಿ ಹೊದಿಸಿ, ಹಗ್ಗ ಬಿಗಿದಿದ್ದರು. ಪಕ್ಕದ ಟೀ ಅಂಗಡಿಯವನು ಲೋಟ ಕೆಳಗಿಟ್ಟು ಬಂದು ಕೈಮುಗಿದು, "ಯಾರ್ ಹೋಗ್ಬುಟ್ರು?" ಎಂದು ಕೇಳಿದ.

ಆಟೊದಿಂದ ಇಳಿದ ಎತ್ತರದ ಮುದುಕರು ಅಂದರು: "ಇನ್ನೂ ಹೋಗಿಲ್ಲ ಕಣಯ್ಯ. ಉಸ್ರು ಸಣ್ಣಗೈತೆ, ಅದಕ್ಕೇ ಇಲ್ಲಿಗೆ ತಂದಿವ್ನಿ."

ಕಂಬಳಿಯ ಕೆಳಗೆ ಇದ್ದದ್ದು ಡಬಲ್ ಬೇಸ್. ನಿಂತು ನುಡಿಸುವ, ಆರಡಿಯ, ನಾಲ್ಕು ತಂತಿಯ ವಾದ್ಯ. ತುರುವೇಕೆರೆ ಕಡೆಯ ಅವರ ಊರಿನಲ್ಲಿ ಎಲ್ಲರೂ ಅದಕ್ಕೆ ದೊಡ್ಡ ಪಿಟೀಲು ಎನ್ನುತ್ತಿದ್ದರು. ಮಹಲಿಂಗಪ್ಪನವರು, ಎಲ್ಲರ ಬಾಯಲ್ಲಿ ಮಹಲಿಂಗಣ್ಣ, ಹುಡುಗರಾಗಿದ್ದಾಗ ಪಿಟೀಲು ಕಲಿತು ಮದ್ರಾಸಿನ ಸಿನಿಮಾ ಸ್ಟುಡಿಯೊಗಳ ವಾದ್ಯವೃಂದಕ್ಕೆ ಸೇರಿದ್ದರು. ಪಿಟೀಲಿನವರು ಬೇಕಾದಷ್ಟು ಜನ ಇದ್ದರಂತೆ. ಇವರು ಉದ್ದಕ್ಕಿದ್ದಾರೆಂದು ಬೇಸ್ ಕೈಗೆ ಕೊಟ್ಟರು. ಮೂವತ್ತು ವರ್ಷ ಅದನ್ನೇ ನುಡಿಸಿದರು. ಸ್ಟುಡಿಯೊಗಳಲ್ಲಿ ಕೀಬೋರ್ಡು ಬಂದು ಬೇಸ್ ಬೇಡವಾದಾಗ ವಾದ್ಯದ ಸಮೇತ ಊರಿಗೆ ಹಿಂತಿರುಗಿದರು. ಅಷ್ಟೂ ವರ್ಷ ತೋಟ, ದನ, ಕೊಬ್ಬರಿ ಎಲ್ಲವನ್ನೂ ನೋಡಿಕೊಂಡವರು ಹೆಂಡತಿ ಗೌರಮ್ಮ, ನನಗೆ ಗೌರಕ್ಕ. ಅವರು ಮದ್ರಾಸನ್ನು ಕಂಡವರೇ ಅಲ್ಲ.

ಬಂದ ಕಾರಣವನ್ನು ಮಹಲಿಂಗಣ್ಣ ಸುತ್ತುಬಳಸಿ ಹೇಳಿದರು. ಕಡೆಗೆ ಅದನ್ನು ನೆಟ್ಟಗೆ ಹೇಳಿದವರು ಗೌರಕ್ಕನೇ, ನಾನು ಮೊದಲ ಸಲ ಅವರ ಮನೆಗೆ ಹೋದಾಗ.

"ಮದ್ರಾಸ್ನಾಗೆ ಇವ್ರು ಏನ್ ಕೆಲ್ಸ ಮಾಡ್ತಿದ್ರೋ ನಂಗೆ ಗೊತ್ತಿಲ್ಲ ಕಣಪ್ಪ. ರಜಕ್ಕೆ ಬಂದಾಗ ರೇಡಿಯೋದಾಗೆ ಹಾಡು ಬಂದ್ರೆ, ಇದ್ರಾಗೆ ನಾನಿವ್ನಿ ಕೇಳು ಅನ್ನೋರು. ಹಾಡೋರು ಕೇಳ್ಸೋರು, ಕೊಳ್ಲು ಕೇಳ್ಸೋದು. ಇವ್ರು ಕೇಳ್ಸ್ತಾನೇ ಇರ್ಲಿಲ್ಲ. ಕೇಳ್ತು ಅಂತ ಸುಳ್ಳು ಹೇಳೋಳು."

"ಮನೇಲಿ ನುಡಿಸ್ತಾರಲ್ಲ ಗೌರಕ್ಕ?"

"ಅದಾ? ಎಮ್ಮೆ ಗೊಂತಿಗೆ ಒದ್ದಂಗೆ ಡುಂ ಡುಂ ಅನ್ನುತ್ತೆ. ಅದು ಹಾಡಿನಾಗೆ ಎಲ್ಲಿರ್ತೈತೆ ಅಂತ ಗೊತ್ತಾಗ್ಬ್ಯಾಡ್ವಾ?"

ಜಗುಲಿಯ ಮೇಲಿದ್ದ ಮಹಲಿಂಗಣ್ಣ ಹೊರಗೆ ನೋಡುತ್ತಿದ್ದರು. ತಪ್ಪು ಗೌರಕ್ಕನ ಕಿವಿಯದ್ದಲ್ಲ. ಮೂರು ಇಂಚಿನ ರೇಡಿಯೊ ಸ್ಪೀಕರಿನಲ್ಲಿ ಆ ಸ್ವರ ಹೊರಗೆ ಬರುವುದೇ ಇಲ್ಲ. ಅದನ್ನು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಅಂಗಾದ್ರೆ ಕೇಳ್ಸಂಗೆ ಮಾಡು" ಎಂದರು.

ತುರುವೇಕೆರೆಯಲ್ಲಿ ನಿವೃತ್ತ ಮೇಷ್ಟ್ರುಗಳು, ಗುಮಾಸ್ತರು ಕೂಡಿ ಹಳೆಯ ಸಿನಿಮಾ ಹಾಡು ಹಾಡುವ ಒಂದು ತಂಡವಿತ್ತು. ಸಮುದಾಯ ಭವನದಲ್ಲಿ ಅವರ ಕಾರ್ಯಕ್ರಮಕ್ಕೆ ಮಹಲಿಂಗಣ್ಣನನ್ನು ಕರೆದಿದ್ದರು. ಅವರ ಎಡಗೈಗೆ ಆಗಲೇ ನಡುಕ ಶುರುವಾಗಿತ್ತು. ಡಾಕ್ಟರು ಅದು ನಿಲ್ಲುವುದಲ್ಲ, ಹೆಚ್ಚುವುದು ಎಂದಿದ್ದರಂತೆ. ಎಡಗೈಯಲ್ಲಿ ತಂತಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಬಲವಾಗಿ ಮೀಟಿ ಭವನ ತುಂಬಿಸುವುದು ಅವರಿಂದ ಆಗದು, ಹಾಗಾಗಿ ಪಿಕಪ್ಪು, ಪ್ರಿಆಂಪು ಬೇಕು. ಈ ಸಲ ಆಗದಿದ್ದರೆ ಇನ್ನೊಂದು ಸಲ ಇಲ್ಲ. ಇದು ನಮ್ಮ ಮೂವರಿಗೂ ಗೊತ್ತಿತ್ತು.

ಮೊದಲ ಪ್ರಿಆಂಪ್ ಅಂಗಡಿಯಲ್ಲೇ ಇತ್ತು. ಮೈಕಿಗೆಂದು ಮಾಡಿದ್ದು, ಒಳ್ಳೆಯದು. ವಾದ್ಯದ ತಂತಿಗಳನ್ನು ಹೊರುವ ಮರದ ಕುದುರೆಗೆ ಪಿಯೆಜೊ ಎಂಬ ಜಾತಿಯ ಪಿಕಪ್ ಸಿಕ್ಕಿಸಿ, ವೈರನ್ನು ಆ ಪ್ರಿಆಂಪಿಗೆ ಕೊಟ್ಟು, ತಂಡದ ಅಭ್ಯಾಸಕ್ಕೆ ಹೋದೆವು. ಸ್ಪೀಕರಿನಿಂದ ಬಂದದ್ದು ತಗಡಿನ ಡಬ್ಬದ ಸದ್ದು. ಹಾಡುವ ಮೇಷ್ಟ್ರು ಅರ್ಧಕ್ಕೆ ನಿಲ್ಲಿಸಿ, "ಮಹಲಿಂಗಣ್ಣ, ಇಷ್ಟು ದೊಡ್ಡ ಪಿಟೀಲ್ನಾಗೆ ಇಷ್ಟು ಸಣ್ಣ ಸದ್ದ ಹೆಂಗೆ ತುರುಕವ್ರೆ?" ಎಂದರು. ಎಲ್ಲರೂ ನಕ್ಕರು, ಮಹಲಿಂಗಣ್ಣನೂ ನಕ್ಕರು.

ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ನನ್ನ ಕಿವಿಗೆ ಅದು ಅಷ್ಟೇನೂ ಕೆಟ್ಟದಾಗಿ ಕೇಳಿರಲಿಲ್ಲ. ಮಂದ್ರವನ್ನು ಎಸೆಯುವುದೇ ಕೆಲಸವಾಗಿದ್ದವನಿಗೆ ಅದು ಬಾರದಿರುವುದು ಗೊತ್ತೇ ಆಗಲಿಲ್ಲ. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಎಂ.ಎಸ್ಸಿ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಸರಿ ಉತ್ತರ ಬರೆದಿದ್ದೆ.

ಹೊಸಬರಿಗೆ ಅದನ್ನು ಹೀಗೆ ಹೇಳುತ್ತೇನೆ. ಪಿಯೆಜೊ ಪಿಕಪ್ ಎಂದರೆ ಅರ್ಧ ಇಂಚು ನೀರಿನ ಬೋರ್‌ವೆಲ್. ಅದಕ್ಕೆ ದೊಡ್ಡ ಮೋಟಾರು ಇಳಿಸಿದರೆ ಒಂದೇ ಗಳಿಗೆಯಲ್ಲಿ ಬರಿದಾಗಿ ಗಾಳಿ ಬರುತ್ತದೆ. ಮೈಕಿನ ಪ್ರಿಆಂಪ್ ಅಂಥ ಮೋಟಾರು. ಪಿಕಪ್ಪಿನಿಂದ ಬಹಳ ಎಳೆಯುತ್ತದೆ. ಮೊದಲು ಸಾಯುವುದು ಕೆಳಗಿನ ಸ್ವರಗಳು. ಏನನ್ನೂ ಎಳೆಯದೆ ಬರೀ ನೀರಿನ ಮಟ್ಟ ನೋಡುವಂಥ ಪ್ರಿಆಂಪ್ ಬೇಕು. ಪೆಟ್ಟಿಗೆಯ ಜೊತೆ ಬರುವ ಕಾಗದದಲ್ಲಿ ಇನ್‌ಪುಟ್ ಇಂಪಿಡೆನ್ಸ್ ಎಂದು ಬರೆದಿರುತ್ತದೆ; ಅದು ಹೆಚ್ಚಿದ್ದಷ್ಟೂ ಎಳೆತ ಕಡಿಮೆ. ಒಂದು ಮೆಗಾ ಓಮ್‌ಗಿಂತ ಕಡಿಮೆ ಇದ್ದರೆ ಹಾಗೇ ವಾಪಸು ಇಡಿ. ಹತ್ತಿದ್ದರೆ ಉತ್ತಮ. ಉಳಿದ ಗುಂಡಿ, ದೀಪಗಳನ್ನು ಆಮೇಲೆ ನೋಡಬಹುದು.

ಎರಡನೆಯದನ್ನು ನಾನೇ ಕಟ್ಟಿದೆ. ಒಂದು ಟ್ರಾನ್ಸಿಸ್ಟರು, ಹತ್ತು ಮೆಗಾ ಓಮ್‌ನ ರೆಸಿಸ್ಟರು, ಇನ್ನು ಕೆಲವು ಬಿಡಿಭಾಗ. ಸುತ್ತಲಿನ ಕರೆಂಟಿನ ಗುಂಯ್‌ಗುಟ್ಟುವಿಕೆ ಒಳಗೆ ಬಾರದಂತೆ ಲೋಹದ ಕವಚ ಬೇಕಿತ್ತು; ಅಡಿಗೆಮನೆಯಲ್ಲಿದ್ದ ಮುಚ್ಚಳದ ಸ್ಟೀಲ್ ಡಬ್ಬಿಯೊಂದು ಸರಿಹೋಯಿತು. ವೈರು ಉದ್ದವಾದಷ್ಟೂ ಕೊಳೆ ಸೇರುತ್ತದೆ, ಆದ್ದರಿಂದ ಡಬ್ಬಿಯನ್ನು ವಾದ್ಯದ ಬುಡದಲ್ಲೇ ಇಟ್ಟೆವು.

ಮಹಲಿಂಗಣ್ಣ ಅಂಗಡಿಯಲ್ಲೇ ನಿಂತು ಕೆಳಗಿನ ತಂತಿ ಮೀಟಿದರು. ಶೋಕೇಸಿನ ಗಾಜು ಅದುರಿತು. ಅಂಗಡಿ ನೋಡಿಕೊಳ್ಳುವುದನ್ನು ಬಿಟ್ಟು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ನಂಜಪ್ಪನವರು ತಲೆ ಎತ್ತಿ, "ಯಾರೋ ಮಾತಾಡ್ದಂಗಾಯ್ತು" ಎಂದರು. ಮಹಲಿಂಗಣ್ಣ ಮತ್ತೆ ಮೀಟಲಿಲ್ಲ. ಸ್ವರ ಪೂರ್ತಿ ಆರುವವರೆಗೆ ಹಾಗೇ ನಿಂತಿದ್ದರು. ಎಷ್ಟು ಹೊತ್ತು ಎಂದು ಬರೆಯಲು ಹೋಗಿ ನಿಲ್ಲಿಸಿದ್ದೇನೆ. ನನ್ನ ನೆನಪಿನಲ್ಲಿ ಅದು ಬಹಳ ಹೊತ್ತು, ಆದರೆ ಮೀಟಿದ ತಂತಿ ಅಷ್ಟು ಹೊತ್ತು ನುಡಿಯುವುದು ಸಾಧ್ಯವಿಲ್ಲ.

ಭವನದಲ್ಲಿ ಅಭ್ಯಾಸಕ್ಕೆ ನಿಂತಾಗ ಎರಡು ತೊಂದರೆಗಳು ಎದ್ದವು. ಒಂದು, ವಾದ್ಯವೇ ದೊಡ್ಡ ಟೊಳ್ಳು ಪೆಟ್ಟಿಗೆಯಾದ್ದರಿಂದ ಸ್ಪೀಕರಿನ ಸದ್ದನ್ನು ತಾನೇ ಕೇಳಿಸಿಕೊಂಡು ಮತ್ತೆ ಪಿಕಪ್ಪಿಗೆ ಕೊಡುತ್ತಿತ್ತು. ಅದು ಸುತ್ತಿ ಸುತ್ತಿ ಗೂಳಿ ಗುಟುರು ಹಾಕಿದ ಹಾಗೆ ಕೂಗುತ್ತಿತ್ತು. ಇನ್ನೊಂದು, ಒಂದೇ ಒಂದು ಸ್ವರಕ್ಕೆ ಗೊರ್ರ್ ಎನ್ನುವ ಸದ್ದು. ಮೊದಲನೆಯದಕ್ಕೆ ನನ್ನ ಡಬ್ಬಿಯಲ್ಲಿ ಮದ್ದಿರಲಿಲ್ಲ. ಎರಡನೆಯದೂ ಡಬ್ಬಿಯದೇ ದೋಷ ಎಂದು ತೀರ್ಮಾನಿಸಿ ಬೆಂಗಳೂರಿನಿಂದ ಮೂರನೆಯ ಪ್ರಿಆಂಪ್ ತರಿಸಿದೆ.

ಅದು ಇದಕ್ಕೆಂದೇ ಮಾಡಿದ್ದು. ಇಂಥದ್ದನ್ನು ಕೊಂಡರೆ ಮೂರು ಗುಂಡಿಗಳನ್ನು ಬಳಸಲು ಕಲಿತರೆ ಸಾಕು. ಒಂದು, ತೀರ ಕೆಳಗಿನ ಗುಡುಗುಡುವನ್ನು ಕತ್ತರಿಸುವುದು. ವೇದಿಕೆಯ ಮೇಲೆ ಕಾಲು ತಟ್ಟಿದ್ದು, ಹಲಗೆ ಅದುರಿದ್ದು ಎಲ್ಲ ಅಲ್ಲಿರುತ್ತದೆ. ಸ್ವರ ಬಡವಾಗುವವರೆಗೆ ತಿರುಗಿಸಿ, ಆಮೇಲೆ ಕೂದಲೆಳೆಯಷ್ಟು ಹಿಂದೆ ಬನ್ನಿ. ಎರಡು, ಫೇಸ್, ಅಂದರೆ ಅಲೆಯ ಏರಿಳಿತವನ್ನು, ತಿರುವುಮುರುವು ಮಾಡುವ ಗುಂಡಿ. ಸ್ಪೀಕರು ನೂಕುವಾಗ ವಾದ್ಯದ ಹಲಗೆಯೂ ಜೊತೆಗೆ ನೂಕುತ್ತಿದ್ದರೆ ಕೂಗು ಏಳುತ್ತದೆ. ಒತ್ತಿ ನೋಡಿ, ಯಾವ ಕಡೆಗೆ ಕೂಗು ಕಡಿಮೆಯೋ ಅಲ್ಲಿ ಬಿಡಿ. ಭವನ ಬದಲಾದರೆ ಮತ್ತೆ ನೋಡಿ. ಮೂರು, ಕೂಗುವ ಆ ಒಂದೇ ಸ್ವರವನ್ನು ಸಣ್ಣಗೆ ಕೊರೆದು ತೆಗೆಯುವುದು. ಇದನ್ನು ಕೊನೆಯಲ್ಲಿ ಮಾಡಿ, ಕಡಿಮೆ ಮಾಡಿ.

ಕೂಗು ನಿಂತಿತು. ಗೊರ್ರ್ ಹೋಗಲಿಲ್ಲ.

"ನಿನ್ನ ಪೆಟ್ಗೆ ಗೊರ್ಕೆ ಹೊಡೀತೈತೆ ಕಣಪ್ಪ" ಎಂದರು ಮಹಲಿಂಗಣ್ಣ.

ಮೂರು ಪೆಟ್ಟಿಗೆ ಬದಲಿಸಿಯೂ ಹೀಗೆ ಅನ್ನಿಸಿಕೊಳ್ಳುವುದು ನನಗೆ ಸಾಕಾಗಿತ್ತು. "ಪೆಟ್ಟಿಗೆ ಸರಿಯಾಗಿದೆ ಮಹಲಿಂಗಣ್ಣ. ಬೆರಳು ಅಲುಗಿದರೂ ತಂತಿ ಹಾಗೆ ಗೊರಗುಟ್ಟುತ್ತೆ" ಎಂದೆ. ಹೀಗೇ ಅಂದೆನೋ, ಇದಕ್ಕಿಂತ ಒರಟಾಗಿ ಅಂದೆನೋ ನೆನಪಿಲ್ಲ. ನೋಟ್‌ಬುಕ್ಕಿನಲ್ಲಿ "ಎಡಗೈ?" ಎಂದಷ್ಟೇ ಇದೆ. ಪ್ರಶ್ನಾರ್ಥಕ ಚಿಹ್ನೆ ಕಾಗದದ ಮೇಲಿತ್ತು, ನನ್ನ ದನಿಯಲ್ಲಿ ಇರಲಿಲ್ಲ.

ಅವರು ತಮ್ಮ ಎಡಗೈಯನ್ನು ಒಮ್ಮೆ ನೋಡಿಕೊಂಡರು. "ಅಂಗಾ. ಅಂಗಾದ್ರೆ ಬುಡಪ್ಪ" ಎಂದು ವಾದ್ಯಕ್ಕೆ ಕಂಬಳಿ ಹೊದಿಸಿದರು.

ವಾರ ಕಳೆದ ಮೇಲೆ ಮಹಲಿಂಗಣ್ಣನ ಫೋನ್ ಬಂತು. ಬೆಂಗಳೂರಿನ ಒಂದು ಸಂಗೀತ ಶಾಲೆಯವರು ಬಹಳ ದಿನದಿಂದ ವಾದ್ಯ ಕೇಳುತ್ತಿದ್ದರಂತೆ, ಕೊಟ್ಟುಬಿಡುತ್ತೇನೆ, ಭಾನುವಾರ ಬರುತ್ತಾರೆ, ನಿನ್ನ ಪೆಟ್ಟಿಗೆ ಬಂದು ತಗೊಂಡು ಹೋಗು ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು.

ಶುಕ್ರವಾರ ಹೋದೆ. ಮಹಲಿಂಗಣ್ಣ ತೋಟಕ್ಕೆ ನೀರು ಬಿಡಲು ಹೋಗಿದ್ದರು. ಗೌರಕ್ಕ ಅಟ್ಟದ ಮೇಲಿದ್ದರು. ನಮ್ಮ ಕಡೆ ಕೊಬ್ಬರಿ ಆಗುವುದು ಅಟ್ಟದ ಮೇಲೆಯೇ. ಕಾಯನ್ನು ಸಿಪ್ಪೆಯ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಅಲ್ಲಿ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಒಣಗಿ ಚಿಪ್ಪಿನಿಂದ ಕಳಚಿಕೊಂಡು ಉಂಡೆಯಾಗುತ್ತದೆ. ಗೌರಕ್ಕ ಒಂದೊಂದೇ ಕಾಯನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ಬೇರೆ ಮಾಡುತ್ತಿದ್ದರು. ಒಳಗೆ ಕಳಚಿದ ಸದ್ದು ಬಂದರೆ ಸುಲಿಯಲು, ಇಲ್ಲದಿದ್ದರೆ ಮತ್ತೆ ಮೂಲೆಗೆ. ಕೈ ಒಮ್ಮೆಯೂ ಅನುಮಾನಿಸುತ್ತಿರಲಿಲ್ಲ.

ಏಣಿ ಹತ್ತಿ ಹೋದೆ. ಕಾಯಿಗಳ ರಾಶಿಯ ನಡುವೆ ಜಾಗ ಮಾಡಿ, ಕೆಳಗೆ ಗೋಣಿಚೀಲ ಹಾಸಿ, ದೊಡ್ಡ ಪಿಟೀಲನ್ನು ಮಲಗಿಸಿದ್ದರು. ಬೇಕಾದಾಗಲೆಲ್ಲ ಹಗ್ಗ ಕಟ್ಟಿ ಇಬ್ಬರು ಆಳು ಇಳಿಸುತ್ತಿದ್ದರಂತೆ.

"ಇಲ್ಲೇ ಇಡ್ತಿದ್ರಾ ಗೌರಕ್ಕ?"

"ಮತ್ತೆ? ಗೆದ್ಲು ಹತ್ತಲ್ಲ, ತೇವ ಬರಲ್ಲ. ಮನೇಲಿ ಇದಕ್ಕಿಂತ ಒಳ್ಳೆ ಜಾಗ ಎಲ್ಲೈತೆ? ಇವ್ರು ಬಂದಾಗಿಂದ ನಾನೇ ಜಾಗ ಮಾಡ್ಕೊಟ್ಟಿವ್ನಿ." ಆಮೇಲೆ ಕೇಳಿದರು: "ಇವ್ರ ಕೈಯಿಂದ ಗೊರಗೊರ ಅನ್ನುತ್ತೆ ಅಂದ್ಯಂತೆ?"

ಅವರು ಕೈಯಲ್ಲಿದ್ದ ಕಾಯನ್ನು ಇಟ್ಟು, ವಾದ್ಯದ ಪಕ್ಕ ಕೂತು, ಬೆರಳ ಗೆಣ್ಣಿನಿಂದ ಅದರ ಬೆನ್ನಿಗೆ ತಟ್ಟಿದರು. ಒಂದು ಗೇಣು ಮುಂದೆ ಸರಿದು ಮತ್ತೆ ತಟ್ಟಿದರು. ಅಂಚಿನುದ್ದಕ್ಕೂ ಹಾಗೇ ತಟ್ಟುತ್ತ ಬಂದರು. ವಾದ್ಯದ ಸೊಂಟದ ಕೆಳಗೆ ಒಂದು ಕಡೆ ನಿಂತು ಎರಡು ಸಲ ತಟ್ಟಿದರು.

"ಇಲ್ಲಿ ಬುಟ್ಟೈತೆ."

"ಏನು?"

"ಕಳಚ್ಕಂಡೈತೆ ಕಣಪ್ಪ. ಕೇಳಲ್ವಾ?"

ನನಗೆ ಕೇಳಲಿಲ್ಲ. ಜೇಬಿನಿಂದ ಒಂದು ವಿಸಿಟಿಂಗ್ ಕಾರ್ಡು ತೆಗೆದು ಅವರು ತೋರಿಸಿದಲ್ಲಿ ಅಂಚಿಗೆ ಒತ್ತಿದೆ. ಅರ್ಧ ಕಾರ್ಡು ಒಳಗೆ ಹೋಯಿತು. ಹಿಂಬದಿಯ ಹಲಗೆ ಪಕ್ಕದ ಹಲಗೆಯಿಂದ ಒಂದು ಗೇಣುದ್ದ ಅಂಟು ಬಿಟ್ಟಿತ್ತು. ಕೊಬ್ಬರಿಯನ್ನೇ ಚಿಪ್ಪಿನಿಂದ ಬಿಡಿಸುವ ಒಣ ಕಾವು ಅದು. ಅಂಟು ಯಾವ ಲೆಕ್ಕ.

ಪ್ರಿಆಂಪ್ ಬದಲಿಸಿದಾಗಲೂ ವಾದ್ಯ ಅದೇ ಇತ್ತು, ಅದನ್ನು ನಾನು ಪರೀಕ್ಷಿಸಿರಲೇ ಇಲ್ಲ. ಪ್ರಯೋಗಶಾಲೆಯಲ್ಲಿ ಮೊದಲ ವರ್ಷದ ವಿದ್ಯಾರ್ಥಿಗೆ ಇದನ್ನು ಹೇಳಿಕೊಡುತ್ತಾರೆ. ನನಗೆ ಪೆಟ್ಟಿಗೆ ಕೈಯಲ್ಲಿತ್ತು, ಪೆಟ್ಟಿಗೆಯನ್ನೇ ಅನುಮಾನಿಸಿದೆ. ಅದು ಮುಗಿದ ಮೇಲೆ ಮನುಷ್ಯನನ್ನು ಅನುಮಾನಿಸಿದೆ. ಮೀಟಿದಾಗ ಬರಿಗಿವಿಗೆ ಕೇಳದಷ್ಟು ಸಣ್ಣ ಗೊರಗೊರವನ್ನು ಒಳ್ಳೆಯ ಪ್ರಿಆಂಪ್ ನಿಯತ್ತಾಗಿ ದೊಡ್ಡದು ಮಾಡಿ ಕೊಟ್ಟಿತ್ತು, ಅಷ್ಟೆ. ಈ ಕೆಲಸಕ್ಕೆ ಬರುವವರು ವೈರು ಸಿಕ್ಕಿಸುವ ಮೊದಲು ವಾದ್ಯದ ಸುತ್ತ ಒಮ್ಮೆ ತಟ್ಟಿ ನೋಡಿ.

ಮಹಲಿಂಗಣ್ಣ ತೋಟದಿಂದ ಬಂದಾಗ ಹೇಳಿದೆ: "ಕೈಯದ್ದಲ್ಲ ಮಹಲಿಂಗಣ್ಣ. ನನ್ನದು ತಪ್ಪಾಯ್ತು."

ಅವರು ಕಾಲು ತೊಳೆದುಕೊಂಡು, ಒರೆಸಿಕೊಂಡು, ಆಮೇಲೆ ಅಂದರು: "ಕೈಯದ್ದೂ ಐತೆ ಕಣಪ್ಪ. ಆದ್ರೆ ಇದಲ್ಲ."

ಭಾನುವಾರ ಬರಬೇಕಾದವರಿಗೆ ಬರಬೇಡಿ ಎಂದು ಹೇಳಿದರು. ತಿಪಟೂರಿನ ಒಬ್ಬ ಹಳೆಯ ಬಡಗಿ, ಕಾಯಿಸಿ ಹಚ್ಚುವ ಅಂಟು ಹಾಕಿ, ಹಲಗೆ ಕೂಡಿಕೊಳ್ಳಲೆಂದು ವಾದ್ಯದ ಸುತ್ತ ತೆಂಗಿನ ನಾರಿನ ಹಗ್ಗ ಬಿಗಿದು ಎರಡು ದಿನ ಬಿಟ್ಟ. ಅಲ್ಲಿಂದ ಮುಂದೆ ದೊಡ್ಡ ಪಿಟೀಲು ನಡುಮನೆಯಲ್ಲಿ ನಿಂತಿತು, ಸುತ್ತಲಿನ ಗಾಳಿ ಒಣಗದಿರಲೆಂದು ಪಕ್ಕದಲ್ಲೊಂದು ನೀರು ತುಂಬಿದ ಕೊಡ.

ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ. ಭವನ ಅರ್ಧ ತುಂಬಿತ್ತು. ಗೌರಕ್ಕ ಮುಂದಿನ ಸಾಲಿಗೆ ಹೋಗಲು ಒಪ್ಪದೆ, "ಅಲ್ಲಿ ಕೂತ್ರೆ ಎಲ್ರೂ ನನ್ನೇ ನೋಡ್ತಾರೆ" ಎಂದು ಹಿಂದೆ ನನ್ನ ಮಿಕ್ಸರಿನ ಪಕ್ಕದ ಕುರ್ಚಿಯಲ್ಲಿ ಕೂತರು. ಮೊದಲ ಹಾಡು ಆಯಿತು. ಕೂಗಿಲ್ಲ, ಗೊರ್ರ್ ಇಲ್ಲ. ನನ್ನ ಕೆಲಸ ಇಷ್ಟು ಚೆನ್ನಾಗಿ ಕೂಡಿಬಂದ ದಿನಗಳು ಕಡಿಮೆ.

ಗೌರಕ್ಕ ನನ್ನ ಕಡೆ ಬಾಗಿ ಕೇಳಿದರು: "ಇವ್ರದ್ದು ಯಾವ್ದಪ್ಪ?"

"ಕೆಳಗೆ ಬರ್ತಿದೆಯಲ್ಲ ಗೌರಕ್ಕ, ಹಾಡಿನ ಅಡಿಯಲ್ಲಿ."

ಅವರು ಕಣ್ಣು ಮುಚ್ಚಿ ಕೇಳಿದರು. ಎರಡನೆಯ ಹಾಡೂ ಮುಗಿಯಿತು. ತಲೆ ಅಲ್ಲಾಡಿಸಿದರು. "ಹಾಡು ಚೆಂದಾಗೈತೆ. ಇವ್ರು ಕಾಣ್ತಾವ್ರೆ, ಕೇಳ್ತಿಲ್ಲ."

ನನ್ನ ಬೆರಳು ಬೇಸಿನ ಗುಂಡಿಯ ಮೇಲಿತ್ತು. ಮೇಲಕ್ಕೆ ತಳ್ಳಿದ್ದರೆ ಕೇಳುತ್ತಿತ್ತು. ಆದರೆ ಆಗ ಅದು ಹಾಡಿನಿಂದ ಹೊರಗೆ ಬಂದು, ಅವರು ಮನೆಯಲ್ಲಿ ಕೇಳುವ ಅದೇ ಡುಂ ಡುಂ ಆಗುತ್ತಿತ್ತು. ಬೇಸ್ ಸರಿಯಾಗಿ ಕೂತಿದೆ ಎಂದರೆ ಅದು ಬೇರೆಯಾಗಿ ಕೇಳುವುದಿಲ್ಲ. ಅಷ್ಟು ತಿಂಗಳು ಹೆಣಗಿ ನಾನು ಮಾಡಿದ್ದು ಮಹಲಿಂಗಣ್ಣನನ್ನು ಮತ್ತೆ ಮರೆಮಾಡುವುದನ್ನೇ. ಗುಂಡಿಯನ್ನು ಸ್ವಲ್ಪ ತಳ್ಳಿದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಮೂರನೆಯ ಹಾಡಿನ ಎರಡನೆಯ ಚರಣದಲ್ಲಿ ಬೇಸ್ ನಿಂತುಹೋಯಿತು. ಹಾಡುವವರು ಹಾಡುತ್ತಲೇ ಇದ್ದರು, ತಬಲವೂ ಇತ್ತು, ಆದರೆ ಎಲ್ಲವೂ ತ್ರಾಣವಿಲ್ಲದೆ ತೇಲಾಡತೊಡಗಿತು. ಗೌರಕ್ಕ ಕಣ್ಣು ಬಿಟ್ಟರು.

"ಏನೋ ಹೋಯ್ತು" ಎಂದರು. ನನ್ನ ತೋಳು ಹಿಡಿದರು. "ಈಗ ಹೋಯ್ತಲ್ಲ, ಅದೇನಪ್ಪ? ಅದೇನಾ?"

ವೇದಿಕೆಯ ಮೇಲೆ ಮಹಲಿಂಗಣ್ಣ ಬುಡದಲ್ಲಿದ್ದ ಪ್ರಿಆಂಪಿನ ಕಡೆ ಬಾಗಿದ್ದರು. ಕೈ ಉಜ್ಜಿಕೊಳ್ಳುತ್ತಿದ್ದರೋ, ಪ್ಲಗ್ ತೆಗೆದು ಹಾಕುತ್ತಿದ್ದರೋ ಅಷ್ಟು ದೂರದಿಂದ ನನಗೆ ಕಾಣಲಿಲ್ಲ. ಪಲ್ಲವಿಗೆ ಎದ್ದು ನಿಂತರು. ಸ್ವರ ಮತ್ತೆ ಬಂತು. ಗೌರಕ್ಕ ನನ್ನ ತೋಳು ಬಿಡಲಿಲ್ಲ. ಆ ಹಾಡು ಮುಗಿಯುವವರೆಗೂ ಅವರು ವೇದಿಕೆಯನ್ನು ನೋಡಲಿಲ್ಲ, ತಲೆ ತಗ್ಗಿಸಿ ನೆಲ ನೋಡುತ್ತ ಕೇಳಿದರು.

ಮಹಲಿಂಗಣ್ಣ ಇನ್ನೊಂದು ಹಾಡು ನುಡಿಸಿ ಸಾಕೆಂದರು. ಏನಾಯ್ತು ಎಂದು ಕೇಳಿದ್ದಕ್ಕೆ "ಕೈ ಹಿಡ್ಕಂತು" ಎಂದರು.

ಆ ಪ್ರಿಆಂಪ್ ಬ್ಯಾಟರಿಯಿಂದ ನಡೆಯುವುದು. ಪ್ರತಿ ಕಾರ್ಯಕ್ರಮಕ್ಕೂ ಹೊಸ ಬ್ಯಾಟರಿ ಹಾಕುವುದು ನನ್ನ ಪದ್ಧತಿ. ಅಂದು ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ನಾಲ್ಕು ದಿನ ಬಿಟ್ಟು ಸಾಮಾನು ಬಿಚ್ಚಿದಾಗ ಬ್ಯಾಟರಿ ಅಳೆದು ನೋಡಿದೆ, ಸತ್ತಿತ್ತು. ಬ್ಯಾಟರಿ ಸಾಯುವ ಹೊತ್ತಿಗೆ ಸ್ವರ ಹಾಗೇ ನಿಲ್ಲುತ್ತದೆ, ಪ್ಲಗ್ ತೆಗೆದು ಹಾಕಿದರೆ ಸ್ವಲ್ಪ ಹೊತ್ತು ಮತ್ತೆ ಬರುತ್ತದೆ. ಆದರೆ ಆ ನಾಲ್ಕು ದಿನವೂ ಪ್ಲಗ್ ಸಿಕ್ಕಿಸಿಯೇ ಇತ್ತು, ಪ್ಲಗ್ ಇದ್ದಷ್ಟು ಹೊತ್ತೂ ಪ್ರಿಆಂಪ್ ಬ್ಯಾಟರಿ ತಿನ್ನುತ್ತದೆ. ಹೊಸದಾಗಿದ್ದರೂ ಅಷ್ಟರಲ್ಲಿ ಸಾಯುತ್ತಿತ್ತು. ನೋಟ್‌ಬುಕ್ಕಿನ ಆ ದಿನದ ಪಟ್ಟಿಯಲ್ಲಿ ವೈರು, ಸ್ಟ್ಯಾಂಡು, ಟೇಪು ಎಲ್ಲದರ ಮುಂದೆ ಗುರುತು ಹಾಕಿದ್ದೇನೆ. ಬ್ಯಾಟರಿಯ ಮುಂದೆ ಇಲ್ಲ.

ಸುಮ್ಮನಿರಲಾಗದೆ ಅವರ ಮನೆಗೆ ಹೋಗಿ ಇದೆಲ್ಲ ಹೇಳಿದೆ. "ನಿಜ ಹೇಳಿ ಮಹಲಿಂಗಣ್ಣ. ನಿಂತಿದ್ದು ಕೈಯಾ, ನನ್ನ ಬ್ಯಾಟರಿಯಾ?"

"ಕೈ ಹಿಡ್ಕಂತು ಅಂದ್ನಲ್ಲಪ್ಪ. ಇನ್ನೇನ್ ಬೇಕು ನಿಂಗೆ?"

"ನೀವು ಬಗ್ಗಿ ಪ್ಲಗ್ ತೆಗೆದು ಹಾಕಿದ ಹಾಗಿತ್ತು."

"ನೀನು ಕನ್ನಡಕ ಬದಲಾಯ್ಸು."

ಕಾಫಿ ತಂದಿಟ್ಟ ಗೌರಕ್ಕ, "ಯಾವ್ದಾದ್ರೇನು ಬುಡ್ರಪ್ಪ" ಎಂದು ಗಂಡನ ಕಡೆ ತಿರುಗಿದರು. "ನೀವು ನಿಂತಿದ್ಕೆ ತಾನೆ ನಂಗೆ ಗೊತ್ತಾಗಿದ್ದು? ಮದ್ರಾಸ್ನಾಗೂ ಒಂದೊಂದ್ಸಲ ನಿಲ್ಸಿದ್ರೆ ಆಗ್ಲೇ ಗೊತ್ತಾಗೋದು."

ಮಹಲಿಂಗಣ್ಣ ನಡುಗುವ ಕೈಯಲ್ಲಿ ಲೋಟ ಎತ್ತಿಕೊಂಡರು. "ಅಲ್ಲಿ ನಿಲ್ಲಿಸ್ದೋರ್ನ ಮನೆಗೆ ಕಳಿಸೋರು ಕಣೇ" ಎಂದರು.

"ಕಳ್ಸಿದ್ರೆ ಏನಾಗಿರೋದು?" ಎಂದರು ಗೌರಕ್ಕ.